ಹದಿನಾಲ್ಕನೆಯ ಪ್ರಶ್ನೆ

ಬಸರಾಳು ಹೈಸ್ಕೂಲು, ಹತ್ತನೇ ಬಿ ಸೆಕ್ಷನ್ನು,
ಮೂವತ್ತೆಂಟು ಉತ್ತರಪತ್ರಿಕೆ, ಒಂದು ಕೆಂಪು ಪೆನ್ನು.
ಹದಿನಾಲ್ಕನೆಯ ಪ್ರಶ್ನೆಗೆ ಎರಡು ಅಂಕ:
ಸಸ್ಯಗಳು ಉಸಿರಾಡುವುದು ಯಾವಾಗ?

ರಾತ್ರಿ, ಎಂದವರು ಇಪ್ಪತ್ತೊಂಬತ್ತು ಮಂದಿ.
ಉಸಿರಾಡುವುದೇ ಇಲ್ಲ, ಮೂಗೆಲ್ಲಿದೆ, ಎಂದವಳು ಲಿಖಿತಾ.
ಹಗಲು ಇಂಗಾಲದ ಡೈಆಕ್ಸೈಡು, ರಾತ್ರಿ ಆಕ್ಸಿಜನ್ನು,
ಹೀಗೆ ಎರಡು ಶಿಫ್ಟು, ಎಂದು ತೌಸೀಫ್.
ಅವನಪ್ಪ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕಡೆ.

ತಪ್ಪು. ತಪ್ಪು. ತಪ್ಪು.
ತಪ್ಪಿಗೂ ಒಂದು ವಂಶವಿದೆ.
ಹುಣಸೆಮರದಡಿ ಮಲಗಬೇಡ,
ದೆವ್ವ ಎದೆಯ ಮೇಲೆ ಕೂರುತ್ತೆ ಎನ್ನುತ್ತಿದ್ದಳು ಅಜ್ಜಿ.
ನಮ್ಮ ವಿಜ್ಞಾನದ ಮೇಷ್ಟ್ರು ದೆವ್ವವನ್ನು ಇಳಿಸಿ
ಅದೇ ಕೊಂಬೆಗೆ ಇಂಗಾಲದ ಡೈಆಕ್ಸೈಡನ್ನು ನೇತುಹಾಕಿದರು.
ಬಿ.ಎಡ್. ಮುಗಿದ ಮೇಲೂ
ಮಂಡ್ಯದ ದೊಡ್ಡಾಸ್ಪತ್ರೆಯಲ್ಲಿ ಅಪ್ಪ ಮಲಗಿದ್ದಾಗ
ದೀಪ ಆರುವ ಮುಂಚೆ ಕಿಟಕಿಯ ಮನಿಪ್ಲಾಂಟನ್ನು
ವರಾಂಡಕ್ಕೆ ಸಾಗಿಸಿದವಳು ನಾನೇ.
ವಾರ್ಡಿನಲ್ಲಿ ಹನ್ನೊಂದು ಜನ ರಾತ್ರಿಯಿಡೀ ಉಸಿರುಬಿಟ್ಟರು.
ಅವರನ್ನು ಯಾರೂ ಹೊರಗಿಡಲಿಲ್ಲ.

ಹೋದ ತಿಂಗಳು ಪಾಠ ಮಾಡಿದ್ದೆ:
ಕಬ್ಬಿನ ತೂಕವೆಲ್ಲ ಬಹುಪಾಲು ಗಾಳಿ, ನೀರು.
ಕೊನೆ ಬೆಂಚಿನಿಂದ ಕೆಂಪರಾಜು ಎದ್ದ:
'ಗಾಳಿ ತಿನ್ಕಂಡು ಬೆಳೆಯೋದಾದ್ರೆ
ಸೊಸೈಟಿ ಮುಂದೆ ಯೂರಿಯಾಗೆ ಯಾಕ್ ಮಿಸ್ ಕ್ಯೂ ನಿಲ್ಬೇಕು?'
ಅದು ಊಟವಲ್ಲ ಕಣೋ, ಊಟಕ್ಕೆ ಉಪ್ಪಿದ್ದ ಹಾಗೆ, ಎಂದೆ.
'ಮೂಟೆಗಟ್ಟಲೆ ಉಪ್ಪಾ?'
ಗಂಟೆ ಹೊಡೆಯಿತು. ಪುಣ್ಯ.

ಮೊಳಕೆ ಹುರುಳಿ ತಂದು ಫ್ಲಾಸ್ಕಿಗೆ ತುಂಬಿದೆ,
ಬೇಯಿಸಿದ ಹುರುಳಿ ಇನ್ನೊಂದಕ್ಕೆ,
ಥರ್ಮಾಮೀಟರು ತೂರಿಸಿ ಬಾಯಿಗೆ ಹತ್ತಿ.
ಎರಡನೆಯ ದಿನ, ಹಾಡಹಗಲೇ,
ಮೊಳಕೆಯ ಕಡೆ ಪಾದರಸ ನಾಲ್ಕು ಗೆರೆ ಏರಿತ್ತು.
ನೋಡಿ, ಉಸಿರಿನ ಬಿಸಿ! ಎಂದೆ, ಗೆದ್ದವಳ ಹಾಗೆ.
ಲಿಖಿತಾ ಕೈ ಎತ್ತಿದಳು:
'ಫ್ಲಾಸ್ಕಿನೊಳಗೆ ಕತ್ತಲಲ್ವಾ ಮಿಸ್? ಅದಕ್ಕೆ ಅದು ರಾತ್ರಿ.'

ಮೂವತ್ತಮೂರನೆಯ ಪತ್ರಿಕೆ, ಹರ್ಷಿತನದು,
ಅಕ್ಷರ ಕಾಲುವೆ ಏರಿಯ ಹಾಗೆ ಸೊಟ್ಟ:
'ಎಲೆಯೇ ಗಿಡದ ಅಡುಗೆಮನೆ.
ಹಗಲೆಲ್ಲ ಗಿಡ ಅಡುಗೆ ಮಾಡುತ್ತದೆ,
ಆಗ ಉಸಿರಾಡಲು ಅದಕ್ಕೆ ಪುರುಸೊತ್ತು ಇರುವುದಿಲ್ಲ.
ರಾತ್ರಿ ಎಲ್ಲರೂ ಉಂಡ ಮೇಲೆ ಉಸಿರಾಡುತ್ತದೆ.'

ಮೊದಲ ಸಾಲು ನನ್ನದು,
ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವುದು.
ಮಿಕ್ಕದ್ದು ಅವನ ಮನೆಯದು.
ಅವನವ್ವ ಸಣ್ಣತಾಯಮ್ಮ ನಮ್ಮ ಬಿಸಿಯೂಟದ ಅಡುಗೆಯವಳು.

ಪೆನ್ನು ಮುಚ್ಚಿ ಸ್ಟಾಫ್‌ರೂಮಿನ ಕಿಟಕಿಯಿಂದ ನೋಡಿದೆ.
ಇನ್ನೂರ ಹದಿನಾರು ತಟ್ಟೆಗಾಗುವ ಸಾರಿನ ಹಂಡೆಗೆ ಬಾಗಿ
ಸೌಟು ತಿರುವುತ್ತಿದ್ದಳು. ಸೆರಗಲ್ಲಿ ಮುಖ ಒರೆಸಿಕೊಂಡು
ಮತ್ತೆ ಬಾಗಿದಳು.
ಉಸಿರಾಡುತ್ತಲೇ ಇದ್ದಳು, ಮತ್ತಿನ್ನೇನು.
ಅಷ್ಟೊಂದು ಹಬೆಯಲ್ಲಿ
ಒಬ್ಬಳ ಉಸಿರು ಬೇರೆಯಾಗಿ ಕಾಣುವುದಿಲ್ಲ, ಅಷ್ಟೆ.

ಅಂಚಿನಲ್ಲಿ ಬರೆದೆ:
ಹಗಲೂ ಉಸಿರಾಡುತ್ತದೆ. ಅಡುಗೆಯ ಭರಾಟೆಯಲ್ಲಿ
ನಮಗೆ ತಿಳಿಯುವುದಿಲ್ಲ.
ಅಂಕ ಸೊನ್ನೆ. ಸೊನ್ನೆಯನ್ನು ಸಣ್ಣದಾಗಿ ಬರೆದೆ.

ನಾಳೆ ಮೊದಲ ಪಿರಿಯಡ್ಡಿಗೆ ಸುಣ್ಣದ ತಿಳಿನೀರು,
ಮತ್ತೊಂದು ಪಾವು ಹುರುಳಿ,
ಒಂದು ಗಾಜಿನ ಬಾಟಲಿ ಬೇಕು,
ಒಳಗೆ ರಾತ್ರಿಯಾಗದಂಥದ್ದು.