ರಸಮಟ್ಟ

ಇಪ್ಪತ್ತೆರಡು ವರ್ಷ ನೆಲದ ಮೇಲೇ ಕತ್ತರಿಸಿದೆ,
ಮಂಡಿಯೂರಿ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿ,
ದುರ್ಗಿಗುಡಿಯ ಅಡ್ಡರಸ್ತೆಯ ಈ ಹತ್ತಡಿ ಅಂಗಡಿಯಲ್ಲಿ.
ಎಷ್ಟು ರವಿಕೆ, ಎಷ್ಟು ಯೂನಿಫಾರ್ಮು,
ಒಂದು ಸಲ ಶಾಲೆಯ ನಾಟಕದ ಹುಲಿಗೆ ಬಾಲ.
ಡಾಕ್ಟರು ಸೊಂಟದ ಎಕ್ಸ್‌ರೇ ಬೆಳಕಿಗೆ ಹಿಡಿದು
"ಒಂದು ಮೇಜು ಮಾಡಿಸ್ಕೊಳ್ಳಿ ಫಿಲೋಮಿನಾ" ಅಂದರು,
ಮಾತ್ರೆ ಬರೆದಷ್ಟೇ ಸಲೀಸಾಗಿ.

ಆಚಾರಿ ಹೇಳಿದ್ದು ಹದಿನೆಂಟು ಸಾವಿರ.
ಅಂದರೆ ಅಸ್ತರಿಲ್ಲದ ನೂರಿಪ್ಪತ್ತು ರವಿಕೆ.
ಅಳೆಯೋದು ನನಗೆ ಬರಲ್ವಾ, ಕತ್ತರಿಸೋದು ಬರಲ್ವಾ,
ಮರ ಅಂದ್ರೆ ಒಂದು ದಪ್ಪ ಬಟ್ಟೆ ತಾನೆ
ಅಂದುಕೊಂಡು ಸಾಮಿಲ್ಲಿಗೆ ಹೋದೆ.

ಸಾಗುವಾನಿ ಕೇಳುವ ಧೈರ್ಯ ಬರಲಿಲ್ಲ.
ಗಫಾರ್ ಸಾಬರು ಅಕೇಶಿಯಾ ತೋರಿಸಿದರು:
"ಅಗ್ಗ, ಆದ್ರೆ ಹಟಮಾರಿ.
ಒಣಗ್ತಾ ಒಣಗ್ತಾ ಮೈ ತಿರುಚ್ಕೊಳ್ಳುತ್ತೆ,
ನೆಟ್ಟವರ ಮೇಲಿನ ಸಿಟ್ಟಿಗೆ."
ಗೂಡ್ಸ್ ಆಟೋದಲ್ಲಿ ಹಲಗೆಗಳ ಪಕ್ಕ ನಾನೂ ಕೂತೆ,
ಸಿಗ್ನಲ್ಲಿನಲ್ಲಿ ಗುರುತಿನವರೊಬ್ಬರು ನೋಡಿ
ಅಂಗಡಿ ಖಾಲಿ ಮಾಡ್ತಿದ್ದೀರಾ ಅಂದರು.

ಬಟ್ಟೆಗೆ ಗೆರೆ ಎಳೆಯುವ ಬಿಲ್ಲೆಯಲ್ಲೇ ಗೆರೆ ಎಳೆದೆ,
ರೂಢಿಯಲ್ಲಿ ಅರ್ಧ ಇಂಚು ಹೊಲಿಗೆಗೆ ಬಿಟ್ಟೆ.
ಮರಕ್ಕೆ ಎಲ್ಲಿಯ ಹೊಲಿಗೆ!
ನಗು ಬಂತು, ಅಂಗಡಿಯಲ್ಲಿ ಯಾರೂ ಇರಲಿಲ್ಲ.
ಬಟ್ಟೆ ತಪ್ಪಿದರೆ ಒಳಗೆ ಮಡಚಬಹುದು,
ಒಂದು ಫ್ರಿಲ್ಲು ಇಟ್ಟು ಇದೇ ಈಗಿನ ಫ್ಯಾಷನ್ ಅನ್ನಬಹುದು.
ಮರ, ಮಾಡಿದ ತಪ್ಪನ್ನು ಮಡಚಲು ಬಿಡುವುದಿಲ್ಲ.

ಎಳೆ ಮಾತ್ರ ಇದಕ್ಕೂ ಇದೆ.
ಕೀಸುಳಿ ಎದುರು ಎಳೆಗೆ ಹೋದರೆ
ಬೆಕ್ಕಿನ ರೋಮದ ಹಾಗೆ ಸಿಬಿರೆದ್ದು ನಿಲ್ಲುತ್ತದೆ,
ಎಳೆಯ ಜೊತೆ ಹೋದರೆ
ಸುರುಳಿ ಸುರುಳಿ ಬಿಚ್ಚಿ ಬೀಳುತ್ತದೆ,
ಬಿಚ್ಚಿದ ಲೇಸಿನ ಹಾಗೆ.
ಒಂದು ಸುರುಳಿ ಎತ್ತಿಟ್ಟುಕೊಂಡಿದ್ದೇನೆ, ಗುಂಡಿಯ ಡಬ್ಬಿಯಲ್ಲಿ.

ಶನಿವಾರ ಸಂಜೆ ಮೇಜು ನಿಂತಿತು.
ಮೂವತ್ತನಾಲ್ಕು ಇಂಚು. ನಾಲ್ಕು ಕಾಲು.
ಕೈ ಇಟ್ಟರೆ ಟಕ್. ತೆಗೆದರೆ ಟಕ್.
ಒಂದು ಕಾಲು ಗಾಳಿಯಲ್ಲಿ.
ಉದ್ದದ ಕಾಲನ್ನು ಚೂರು ಕೊಯ್ದೆ.
ಟಕ್, ಈಗ ಎದುರಿನದು.
ಅದನ್ನೂ ಕೊಯ್ದೆ. ಇದನ್ನೂ. ಮತ್ತೆ ಅದನ್ನೇ.
ಭಾನುವಾರ ಪೂಜೆ ತಪ್ಪಿಸಿ ಕೊಯ್ದೆ.
ಬಿಸ್ಕತ್ತಿನಂಥ ಚೂರುಗಳು ನೆಲದ ತುಂಬ,
ಮೇಜು ಮಂಡಿಯೂರಲು ಕಲಿಯುತ್ತಿತ್ತು
ಥೇಟ್ ನನ್ನ ಹಾಗೆ.

ಎದುರಿನ ಕಟ್ಟಡದಲ್ಲಿ ಗಾರೆ ಕೆಲಸದ ಬಸಪ್ಪಯ್ಯ
ಟೀ ಲೋಟ ಹಿಡಿದು ಎಷ್ಟೊತ್ತಿಂದ ನೋಡುತ್ತಿದ್ದನೋ.
ಒಳಗೆ ಬಂದ, ಮೇಜು ಮುಟ್ಟಲಿಲ್ಲ,
ರಸಮಟ್ಟವನ್ನು ನೆಲದ ಮೇಲಿಟ್ಟ.
ಗುಳ್ಳೆ ಓಡಿಹೋಗಿ ಗೋಡೆ ಕಡೆ ಕೂತಿತು.
"ನಿಮ್ಮ ಕಾಲು ಸರಿ ಇದ್ವು ಅಮ್ಮಾ.
ಹಿಂದೆ ಇಲ್ಲಿ ಹಾಲಿನಂಗಡಿ.
ದಿನಾ ತೊಳೀತಿದ್ರು, ನೀರು ಹೋಗಲಿ ಅಂತ
ಆ ಮೂಲೆ ತಗ್ಗು ಮಾಡಿದ್ದಾರೆ."

ಆ ಮೂಲೆ.
ದಾರದ ಉಂಡೆ ಕೈ ಜಾರಿದರೆ
ಯಾವಾಗಲೂ ಅಲ್ಲಿಗೇ ಉರುಳುತ್ತಿತ್ತು.
ನನ್ನ ಕೈಯೇ ಜಾರು ಅಂದಿದ್ದಳು ಕೆಲಸ ಕಲಿಸಿದ ಅಕ್ಕ,
ಇಪ್ಪತ್ತೆರಡು ವರ್ಷ ನಾನೂ ನಂಬಿದ್ದೆ.

ಕೊಯ್ದ ಚೂರುಗಳಲ್ಲಿ ಒಂದನ್ನು ಆ ಕಾಲಿನಡಿ ಇಟ್ಟೆ.
ಸಾಲಲಿಲ್ಲ. ಜೀನ್ಸಿನ ತುಂಡು ನಾಲ್ಕು ಮಡಿಕೆ ಮಾಡಿ,
ಅಂಚು ಹೊಲಿದು, ಅದರ ಮೇಲಿಟ್ಟೆ.
ಟಕ್ ನಿಂತಿತು.
ಇಪ್ಪತ್ತೊಂಬತ್ತು ಇಂಚು ಉಳಿದಿದೆ ಈಗ.
ಇನ್ನೂ ಸ್ವಲ್ಪ ಬಗ್ಗಬೇಕು,
ನೆಲದಷ್ಟಲ್ಲ.

ಯಾರು ಮಾಡಿದ್ದು ಅಂತ ಕೇಳುತ್ತಾರೆ, ಅಳತೆ ಕೊಡಲು ಬಂದವರು.
ನಾನೇ ಅನ್ನುತ್ತೇನೆ.
ಅವರ ಕಣ್ಣು ಕಾಲಿನ ಜೀನ್ಸಿಗೆ ಹೋಗುತ್ತದೆ.
ಕೈ ಎತ್ತಿ ಅಂದು, ಟೇಪು ಸುತ್ತುತ್ತೇನೆ.