ಶುಕ್ರವಾರದ ಕೆಸರು

ಮಸ್ಕತ್ತಿನ ರುವಿಯಲ್ಲಿ ನಮಗೆ ಭಾನುವಾರವೆಂದರೆ ಶುಕ್ರವಾರ.
ಬೆಳಗಿನ ಆರಾಧನೆ ಮುಗಿದು ಚಾ ಸುರಿಯುವ ಹೊತ್ತಿಗೆ
ಜೆಮಿಮಕ್ಕ ಎದ್ದು ನಿಂತರು:
ಸಹಮ್ ಕಡೆ ಊರಿಗೆ ಊರೇ ಕೆಸರಂತೆ, ಯಾರು ಬರ್ತೀರಿ?
ಎದ್ದ ಕೈ ಒಂಬತ್ತು.
ಸನಿಕೆ ಇದ್ದದ್ದು ಆರು.

ನಾನು ಫ್ರಿಜ್ಜು, ಏಸಿ ರಿಪೇರಿಯವನು.
ಪ್ರಾರ್ಥನೆ ಮಾಡು ಎಂದರೆ ನಾಲಿಗೆ ತಡವರಿಸುತ್ತದೆ,
ಸ್ಪ್ಯಾನರ್ ಕೊಟ್ಟರೆ ಕೈ ತಡವರಿಸುವುದಿಲ್ಲ.

ಪಿಕಪ್ಪಿನ ಹಿಂದೆ ಅಕ್ಕಿ, ಬ್ಲೀಚಿಂಗ್ ಪೌಡರು, ಗಮ್‌ಬೂಟು,
ಸುರುಳಿ ಸುತ್ತಿದ ಒಂದು ಬ್ಯಾನರು.
ಬೆನೆಟ್ ಮಾಡಿಸಿದ್ದು. 'ಕ್ರಿಸ್ತನ ಪ್ರೀತಿಯಲ್ಲಿ' ಎಂದು
ಕನ್ನಡದಲ್ಲಿ, ಕೆಂಪು ಅಕ್ಷರ, ಹನ್ನೆರಡು ಅಡಿ.
ಅಲ್ಲಿ ಓದುವವರ್ಯಾರೋ ಮಾರಾಯ? ಎಂದೆ.
ವರದಿಗೆ ಫೋಟೊ ಬೇಕಲ್ಲ ಎಂದ.

ಹೆದ್ದಾರಿ ನಡುವೆ ಮಗುಚಿದ ದೋಣಿ.
ಸೊಂಟದ ತನಕ ಕೆಸರುಟ್ಟ ಖರ್ಜೂರದ ಮರ.
ವಾದಿ ಬಂತು, ವಾದಿ ಬಂತು ಎನ್ನುತ್ತಿದ್ದರು ಎಲ್ಲರೂ.
ನಮ್ಮಲ್ಲಿ ವಾದಿಯೆಂದರೆ ಕೋರ್ಟಿಗೆ ಹೋದವನು,
ಇವರಿಗೆ ಒಣಗಿ ಮಲಗಿದ ಹಳ್ಳ.
ಎಷ್ಟು ಕಾಲದ ದಾವೆಯೋ ಏನೋ,
ಒಂದೇ ರಾತ್ರಿ ಗಾಳಿಯನ್ನು ಕರಕೊಂಡು
ಮನೆಯೊಳಗೇ ನುಗ್ಗಿ ಜಪ್ತಿ ಮಾಡಿ ಹೋಗಿತ್ತು.

ಉಮ್ ಖಲ್ಫಾನಳ ನಡುಮನೆ. ಮೊಣಕಾಲು ಮುಳುಗುವ ರಾಡಿಯಲ್ಲಿ
ಪಕ್ಕಕ್ಕೊರಗಿದ ಫ್ರೀಜರು. ಎತ್ತಿ ನಿಲ್ಲಿಸಿ ಮುಚ್ಚಳ ತೆಗೆದೆ:
ಹನ್ನೊಂದು ದಿನದ ಅಂಜಲ್ ಮೀನು.
ಬೆನೆಟ್ ಹೊರಗೋಡಿದ.
ಜೆಮಿಮಕ್ಕ ದುಪಟ್ಟ ಮೂಗಿಗೆ ಬಿಗಿದು
ಎರಡೂ ಕೈ ಒಳಗಿಟ್ಟರು.
ಅಮ್ಮ ಮಲ್ಪೆಯಲ್ಲಿ ಬುಟ್ಟಿ ಹೊತ್ತವರು, ನನಗೇನು ಇದು, ಎಂದರು.
ನನಗೆ ಆಗ ಒಂದು ವಚನವೂ ನೆನಪಾಗಲಿಲ್ಲ.
ಅವರ ಮೊಣಕೈ ಮಾತ್ರ ಕಾಣುತ್ತಿತ್ತು.

ಗ್ಯಾಸಿಲ್ಲ, ನೀರಿಲ್ಲ, ಆದರೂ ಎಲ್ಲಿಂದಲೋ ಕಹ್ವಾ ಬಂತು.
ಯಾವ ಕಂಪೆನಿ ನಿಮ್ಮದು? ಕೇಳಿದಳು ಅಜ್ಜಿ.
ಕೈಯಲ್ಲಿ ಸನಿಕೆ ಹಿಡಿದ ಹಿಂದಿ ಜನ
ಕಂಪೆನಿಯಿಲ್ಲದೆ ಇರುವುದುಂಟೆ?
ಕಂಪೆನಿ ಅಲ್ಲ ಉಮ್ಮಾ, ಜೆಮಿಮಕ್ಕನ ಮುರುಕು ಅರಬ್ಬಿ,
ಇವತ್ತು ನಮಗೆ ರಜೆ.
ರಜೆಯ ದಿನ ಕೆಸರೆತ್ತುತ್ತೀರಾ?
ಮಜ್ನೂನ್, ಎಂದು ಇನ್ನೊಂದು ಕಪ್ಪು ತುಂಬಿಸಿದಳು.

ಆಮೇಲೆ, ಯಾರೂ ಕೇಳದೆ,
ತೋಟದ ಪಂಪ್‌ಶೆಡ್ಡಿನಲ್ಲಿ ಮಲಗುತ್ತಿದ್ದವನ ಸುದ್ದಿ ಹೇಳಿದಳು.
ಬಂಗಾಳಿ ಹುಡುಗ. ಇನ್ನೂ ಸಿಕ್ಕಿಲ್ಲ.
ರಕೀಬುಲ್, ಮಫೀಜುದ್ದೀನನ ಮಗ.
ಅಪ್ಪನ ಹೆಸರು ಕೂಡ ಗೊತ್ತಿತ್ತು ಅವಳಿಗೆ.
ಜೆಮಿಮಕ್ಕ ಅಕ್ಕಿಯ ರಸೀದಿ ಹಿಂದೆ ಬರೆದುಕೊಂಡರು.

ಹೊರಡುವಾಗ ಬೆನೆಟ್ ಬ್ಯಾನರು ಬಿಡಿಸಿದ.
ಅಜ್ಜಿ ಹತ್ತಿರ ಬಂದು ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು.
ಗಟ್ಟಿ ಮಾಲು.
ಮಾಡು ಹಾರಿಹೋದ ದೊಡ್ಡಿಯತ್ತ ಕೈ ತೋರಿಸಿದಳು,
ಬಿಸಿಲಲ್ಲಿ ಆರು ಆಡು.
ಬೆನೆಟ್ ಜೆಮಿಮಕ್ಕನ ಮುಖ ನೋಡಿದ,
ಜೆಮಿಮಕ್ಕ ಖರ್ಜೂರದ ಬೀಜ ನೋಡುತ್ತಿದ್ದರು.
ಕೊನೆಗೆ ಅವನೇ ಗೋಡೆ ಹತ್ತಿ ನಾಲ್ಕು ಮೂಲೆ ಬಿಗಿದ,
ಅಕ್ಷರ ಕೆಳಮುಖ.
ಸಹಮಿನಲ್ಲಿ ಈಗ ಕನ್ನಡ ಓದುವುದು ಆಡುಗಳು.

ವಾಪಸಾಗುವಾಗ ಕತ್ತಲು. ಯಾರಿಗೂ ಹಾಡಲು ದಮ್ಮಿಲ್ಲ.
ಪ್ರಾರ್ಥನೆ, ಎಂದು ಜೆಮಿಮಕ್ಕ ರಸೀದಿ ತೆಗೆದರು,
ಮೊಬೈಲ್ ಬೆಳಕಲ್ಲಿ ಆ ಎರಡು ಹೆಸರು ಓದಿದರು,
ಮತ್ತೆ ಮಡಚಿಟ್ಟರು. ಅಷ್ಟೇ.
ನಾವು ಆಮೆನ್ ಎಂದೆವು.

ಅಜ್ಜಿಯ ಫೋನು ಈಗಲೂ ಬರುತ್ತದೆ:
ಫ್ರೀಜರ್ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಿದೆ.
ಮಣ್ಣು ಕುಡಿದ ಮೋಟರು ಉಮ್ಮಾ, ಹೊಸತು ತಗೊಳ್ಳಿ, ಎನ್ನುತ್ತೇನೆ.
ಕೇಳುವುದಿಲ್ಲ.
ಸಭಾಪಾಲಕರು ವಿಚಾರಿಸಿದರೆ ಹೇಳಿಬಿಡು ಬೆನೆಟ್,
ಈ ಶುಕ್ರವಾರ ನಾನಿಲ್ಲ,
ಇನ್ನೂರು ಕಿಲೋಮೀಟರು ಆಚೆ
ಗ್ಯಾಸ್ ತುಂಬಲು ಹೋಗಿದ್ದೇನೆ.