ಹದಿನೇಳನೆಯ ಪುಟ

ಹದಿನಾರನೆಯ ಪುಟದವರೆಗೆ ಎಲ್ಲರೂ ಬದುಕಿದ್ದರು.
ಕೆಂಪು ಚೀಟಿಯವರು ಬಲಕ್ಕೆ, ಹಳದಿಯವರು ನಡುವೆ,
ನಡೆಯಬಲ್ಲವರು ಹಸಿರು ಹಿಡಿದು ಶಾಲೆಯ ಅಂಗಳಕ್ಕೆ.
ಜನರೇಟರಿಗೆ ಮೂರು ದಿನದ ಡೀಸೆಲ್.
ನೆಲಮಹಡಿಯ ಔಷಧವೆಲ್ಲ ನಾಲ್ಕನೆಯ ಮಹಡಿಗೆ,
ಏಕೆಂದರೆ ಚಿಲಿಯ ನಕ್ಷೆಯಲ್ಲಿ
ನೊಣದ ಹಿಕ್ಕೆಯಷ್ಟಿರುವ ಈ ಊರಿನಲ್ಲಿ
ನೆಲ ನಡುಗಿದರೆ
ಇಪ್ಪತ್ತು ನಿಮಿಷದೊಳಗೆ ಕಡಲು ಬಾಗಿಲು ತಟ್ಟುತ್ತದೆ.
ನಾನು ಟೈಪು ಮಾಡುವವಳು. ಅಂಕೆ ಅವರದು, ಅಲ್ಪವಿರಾಮ ನನ್ನದು.

ಆಮೇಲೆ ಡಾಕ್ಟರ್ ಹುಯೆಂಚುಮಾನ್ ಕನ್ನಡಕ ತೆಗೆದು
ಒರೆಸಿ, ಮತ್ತೆ ಹಾಕಿಕೊಳ್ಳದೆ ಕೇಳಿದರು:
"ನಮ್ಮ ಶವಾಗಾರದಲ್ಲಿ ಎಷ್ಟು ಜಾಗ?"
"ಆರು," ಅಂದ ಒಸ್ವಾಲ್ದೊ. "ಒಂದರ ಬಾಗಿಲು ಕೂರುವುದಿಲ್ಲ."
"ಬರೆದುಕೋ, ಐದು.
ಎಷ್ಟು ಬರಬಹುದು?"
ಕಾಫಿ ಕೆನೆಗಟ್ಟಿತು.
ಕೊನೆಗೆ ಯಾರೋ ಮುನ್ನೂರು ಅಂದರು,
ಮದುವೆಯೂಟಕ್ಕೆ ತಲೆ ಎಣಿಸುವವರ ದನಿಯಲ್ಲಿ.

ಹೀಗೆ ಬಂತು ಮೀನಿನ ಕಾರ್ಖಾನೆ.
ದಿಬ್ಬದ ಮೇಲಿದೆ, ಅಲೆ ಮುಟ್ಟದು, ತಂಪುಕೋಣೆ ನಾಲ್ಕು.
ಹೆಪ್ಪುಗಟ್ಟಿಸಬಾರದು, ಅಂದರು ಡಾಕ್ಟರು, ಮುಖ ಕೆಡುತ್ತದೆ;
ನೀರು ನೀರಾಗಿಯೇ ಉಳಿಯುವಷ್ಟು ತಂಪು ಸಾಕು.
ಒಡೆಯ ದೋನ್ ಬೆಲಿಸಾರಿಯೊ ಟೋಪಿ ಕೈಯಲ್ಲಿ ಹಿಡಿದು ಬಂದ.
"ಕೊಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.
ಆದರೆ ಅದಾದ ಮೇಲೆ
ನನ್ನ ಮೀನು ಯಾರು ತಿನ್ನುತ್ತಾರೆ?"
ಯಾರೋ ನಕ್ಕರು. ನಾನೂ ನಕ್ಕೆ.
ಆ ರಾತ್ರಿ ಬಾಣಲೆಯ ಮುಂದೆ ನಿಂತೇಬಿಟ್ಟೆ,
ಮೀನಿನ ಒಂದು ಮಗ್ಗುಲು ಸೀದುಹೋಗುವಷ್ಟು ಹೊತ್ತು.

ಏಪ್ರಿಲ್. ಎಲೆಯುದುರುವ ಕಾಲ. ಅಣಕು ದುರಂತ.
ಬೀಟ್‌ರೂಟ್ ರಸದ ಗಾಯ ಬಳಿದುಕೊಂಡು
ಹೈಸ್ಕೂಲಿನ ಹುಡುಗರು ಬಾಯಿ ತುಂಬ ಚೀರಿದರು;
ಒಬ್ಬ, ಮುರಿದ ಕಾಲು ಯಾವುದೆಂದು ಮರೆತು
ಎರಡನ್ನೂ ಕುಂಟಿದ.
ಕಪ್ಪು ಚೀಟಿ ಮಾತ್ರ ಯಾರಿಗೂ ಬೇಡ. ಅಮ್ಮಂದಿರು ಶಿಲುಬೆ ಗೀರಿಕೊಂಡರು.
ಬಲೆ ಹೆಣೆಯುವ ಹಸಿಂತಾ ಅಜ್ಜಿ ಕೈ ಎತ್ತಿದಳು:
"ಎಪ್ಪತ್ತೊಂಬತ್ತು ನನಗೆ. ಮಲಗುವ ಕೆಲಸ ನನಗೆ ಕೊಡಿ."

ನಾಲ್ಕನೆಯ ಕೋಣೆಗೆ ಹೊತ್ತರು.
ಚೀಲದ ಜಿಪ್ಪನ್ನು ಎದೆಯವರೆಗೆ ಎಳೆದು,
ಮಣಿಕಟ್ಟಿಗೆ ಸಂಖ್ಯೆ ಕಟ್ಟಿ,
ಎಲ್ಲರೂ ಬದುಕಿದವರ ಕಡೆ ಓಡಿದರು.
ಓಡಲೇಬೇಕು. ಅದು ಮೂರನೆಯ ಪುಟ.

ಐವತ್ತು ನಿಮಿಷ.

ಹೊರಬಂದಾಗ ತುಟಿ ನೀಲಿ. ಕಂಬಳಿ ಹೊದಿಸಿದೆವು, ಚಹಾ ಕೊಟ್ಟೆವು.
ಡಾಕ್ಟರು ವರದಿಯ ಹಾಳೆ ಬಿಡಿಸಿದರು:
ಏನು ಕೊರತೆ ಕಂಡಿತಮ್ಮ?
"ಚಳಿಯ ಮಾತು ಬಿಡಿ. ಸತ್ತವಳಿಗೆ ಎಂಥ ಚಳಿ.
ಅರವತ್ತನೆಯ ಇಸವಿಯಲ್ಲಿ ಕಡಲು ನನ್ನ ಅಣ್ಣನನ್ನು ಒಯ್ಯಿತು.
ಸಿಕ್ಕ. ಮರದ ಮಿಲ್ಲಿನಲ್ಲಿ ಸಾಲಾಗಿ ಮಲಗಿಸಿದ್ದರು.
ನಾನು ಹೋಗಿ ಮುಟ್ಟುವವರೆಗೆ
ಅವನ ಹತ್ತಿರ ಯಾರಿದ್ದರೋ ಅಂತ
ಇಷ್ಟು ವರ್ಷ ಯೋಚಿಸುತ್ತಿದ್ದೆ."
ಲೋಟ ಕೆಳಗಿಟ್ಟಳು.
"ಇವತ್ತು ಗೊತ್ತಾಯಿತು."

ಹದಿನೇಳನೆಯ ಪುಟದಲ್ಲಿ ಈಗ
ಚೀಲ ಮುನ್ನೂರು, ಬೆರಳಚ್ಚಿನ ಶಾಯಿ, ಫೋಟೊ ತೆಗೆಯಲು ದೀಪ,
ಉಂಗುರ ಹಲ್ಲುಗಳ ವಿವರಕ್ಕೆ ಗೆರೆ ಎಳೆದ ಪುಸ್ತಕ;
ಎಲ್ಲಕ್ಕೂ ಕೆಳಗೆ, ಯಾರೂ ಹೇಳದೆ ನಾನು ಸೇರಿಸಿದ್ದು:
ಕುರ್ಚಿ, ಒಂದು. ಕೂರಲು ಒಬ್ಬರು, ಹಗಲೂ ಇರುಳೂ, ಪಾಳಿಯಲ್ಲಿ.

ಒಸ್ವಾಲ್ದೊ ಫೋನು ಮಾಡಿದ:
"ಇದು ಯಾವ ಖಾತೆಗೆ? ಪೀಠೋಪಕರಣವೋ, ಸಿಬ್ಬಂದಿಯೋ?"
ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ.

ಕುರ್ಚಿ ಬಂತು.
ಹೊರರೋಗಿಗಳ ಸಾಲಿನಿಂದ ಕಿತ್ತದ್ದು, ಒಂದು ಕಾಲು ಗಿಡ್ಡ,
ಅಡಿಗೆ ರಟ್ಟು ಮಡಿಸಿ ಕೊಟ್ಟಿದ್ದಾರೆ.
ನಾಲ್ಕನೆಯ ಕೋಣೆಯ ಬಾಗಿಲ ಪಕ್ಕ ಇದೆ.
ಮಧ್ಯಾಹ್ನ ಮೀನು ಸೀಳುವ ಹೆಂಗಸರು
ಸರದಿಯಲ್ಲಿ ಅದರ ಮೇಲೆ ಕೂತು ಬ್ರೆಡ್ಡು ತಿನ್ನುತ್ತಾರೆ.
ಮೊನ್ನೆ ಹೋದಾಗ ಬೆನ್ನಿಗೆ ಹಳೆಯ ಸ್ವೆಟರೊಂದನ್ನು
ತೋಳು ಗಂಟುಹಾಕಿ ಕಟ್ಟಿದ್ದರು.
ಯಾರದು, ಅಂದೆ.
"ಕೂರುವವರದು," ಅಂದಳೊಬ್ಬಳು, ಬಾಯಲ್ಲಿ ತುತ್ತು.